ಅತ್ತೆ, ಒಂದು ಬೇಬಿ ಬ್ಲ್ಯಾಂಕೆಟ್ ಹಾಕ್ಕೊಡಿ

ಬೆಂಗಳೂರಿನಿಂದ ಕೊಳ್ಳೇಗಾಲದ ಕಡೆಗೆ ಹೋಗುವ ವಾಟ್ಸಾಪ್ ಮೆಸೇಜುಗಳಲ್ಲಿ ಈಚೆಗೆ ಒಂದು ಹೊಸ ತಳಿ ಕಾಣಿಸಿಕೊಂಡಿದೆ. "ಅತ್ತೆ, ಹೇಗಿದ್ದೀರಾ? ನಮ್ಮ ಮ್ಯಾನೇಜರ್‌ಗೆ ಮಗು ಆಯ್ತು. ಒಂದು ಬೇಬಿ ಬ್ಲ್ಯಾಂಕೆಟ್ ಹಾಕ್ಕೊಡಿ ಪ್ಲೀಸ್. ಅಂಗಡೀದು ಎಲ್ರೂ ಕೊಡ್ತಾರೆ, ಹ್ಯಾಂಡ್‌ಮೇಡ್ ಆದ್ರೆ ಸ್ಪೆಷಲ್. ಮುಂದಿನ ತಿಂಗಳು ಹದಿನೈದಕ್ಕೆ ನಾಮಕರಣ." ಅದರ ಕೆಳಗೆ ಪಿಂಟರೆಸ್ಟಿನಿಂದ ಎತ್ತಿದ ಒಂದು ಫೋಟೊ. ಕೆನೆ ಬಣ್ಣದ ಹೊದಿಕೆ, ಅಂಚಿಗೆ ಪುಟ್ಟ ಪುಟ್ಟ ಎಲೆ, ಮಧ್ಯೆ ಮಲಗಿರುವ ಯಾವುದೋ ದೇಶದ ಕೂಸು. ಅತ್ತೆ ಕನ್ನಡಕ ಹುಡುಕಿ, ಫೋಟೊ ದೊಡ್ಡದು ಮಾಡಿ ನೋಡಿ, ವಾಯ್ಸ್ ಮೆಸೇಜಲ್ಲಿ ಉತ್ತರ ಕೊಡ್ತಾರೆ: "ಆಯ್ತು ಕಣವ್ವ, ಹಾಕ್ಕೊಡ್ತೀನಿ ಬುಡು."

ಈ "ಬುಡು" ಅನ್ನೋ ಒಂದು ಪದದ ಮೇಲೆ ನಮ್ಮ ಗಿಫ್ಟ್ ಕೊಡುವ ಸಂಭ್ರಮವೆಲ್ಲ ಕಾಲು ಚಾಚಿ ಮಲಗಿದೆ ಅನ್ನೋದು ನನ್ನ ತಕರಾರು.

ಹ್ಯಾಂಡ್‌ಮೇಡ್ ಒಳ್ಳೇದೇ. ಕೂಸು ಹುಟ್ಟಿದ ಮನೆಗೆ ಮಿರಮಿರ ಕಾಗದದಲ್ಲಿ ಸುತ್ತಿದ ಇನ್ನೊಂದು ಹ್ಯಾಂಪರ್ ಹೊತ್ತುಕೊಂಡು ಹೋಗುವುದಕ್ಕಿಂತ ಕೈಯಲ್ಲಿ ಹೆಣೆದ ಹೊದಿಕೆ ಸಾವಿರ ಪಾಲು ಮೇಲು, ಅದರಲ್ಲಿ ಎರಡು ಮಾತಿಲ್ಲ. ನಾನು ಕೇಳೋದು ಇಷ್ಟೇ: ಯಾರ ಹ್ಯಾಂಡು? ಕೊಡೋರು ನೀವು. ಹೆಸರು ನಿಮ್ಮದು. "ಹ್ಯಾಂಡ್‌ಮೇಡ್ ವಿತ್ ಲವ್" ಅಂತ ಕಾರ್ಡಿನ ಮೇಲೆ ಬರೆಯೋದೂ ನೀವೇ. ಹೆಣೆಯೋದು ಮಾತ್ರ ಕನಕಪುರ ರಸ್ತೆ ಹಿಡಿದು ನೂರನಲವತ್ತು ಕಿಲೋಮೀಟರ್ ಹೋದರೆ ಸಿಗುವ ಒಬ್ಬ ಹೆಂಗಸು. ಆಕೆಗೆ ಆ ಮ್ಯಾನೇಜರ್ ಯಾರು ಅಂತ ಗೊತ್ತಿಲ್ಲ, ಆ ಕೂಸಿನ ಮುಖ ಯಾವತ್ತೂ ನೋಡೋದೂ ಇಲ್ಲ. ಹಾಗಿದ್ದಮೇಲೆ ಕಾರ್ಡಿನ ಮೇಲಿರೋ ಲವ್ ಯಾರದು ಅಂತ ಯಾರಾದರೂ ನನಗೆ ಬಿಡಿಸಿ ಹೇಳಬೇಕು.

ಮೊದಲು ಲೆಕ್ಕ ಹಾಕೋಣ, ಭಾವನೆ ಆಮೇಲೆ. ತೊಟ್ಟಿಲಿಗೆ ಸರಿಹೋಗುವ ಹೊದಿಕೆ ಅಂದರೆ 75 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಉದ್ದ ಅಂತಿಟ್ಟುಕೊಳ್ಳಿ. ಮಧ್ಯಮ ದಪ್ಪದ ಉಲ್ಲನ್ನಿನಲ್ಲಿ ಹತ್ತು ಸೆಂಟಿಮೀಟರಿಗೆ ಹೆಚ್ಚೂಕಡಿಮೆ 20 ಕುಣಿಕೆ, 28 ಸಾಲು ಬರುತ್ತೆ. ಅಂದರೆ ಕಡ್ಡಿಯ ಮೇಲೆ 150 ಕುಣಿಕೆ ಏರಿಸಿಕೊಂಡು 252 ಸಾಲು ಹೆಣೆಯಬೇಕು. ಗುಣಿಸಿ ನೋಡಿ: 37,800 ಕುಣಿಕೆ. ಕೈ ಪಳಗಿದವರು ಸೀರಿಯಲ್ ನೋಡ್ತಾ, ಮಾತಾಡ್ತಾ ಹೆಣೆದರೆ ನಿಮಿಷಕ್ಕೆ 25 ಕುಣಿಕೆ ಅಂತ ಹಿಡಿಯೋಣ. 1,512 ನಿಮಿಷ ಆಯಿತು. ಇಪ್ಪತ್ತೈದು ಗಂಟೆ, ಮೇಲೆ ಹನ್ನೆರಡು ನಿಮಿಷ. ಇದು ಸೀದಾಸಾದಾ ಹೆಣಿಗೆಗೆ ಮಾತ್ರ. ನೀವು ಕಳಿಸಿದ ಫೋಟೊದ ಅಂಚಿನ ಎಲೆಗಳು, ಎಣಿಕೆ ತಪ್ಪಿ ಬಿಚ್ಚಿ ಮತ್ತೆ ಹಾಕಿದ ಸಾಲುಗಳು, ದಾರದ ತುದಿಗಳನ್ನ ಒಳಗೆ ಸೇರಿಸೋದು, ಒಗೆದು ನೆರಳಲ್ಲಿ ಹರಡಿ ಒಣಗಿಸೋದು ಇವೆಲ್ಲ ಬೇರೆ.

2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಬದು ಹಾಕುವ, ಕೆರೆ ಹೂಳು ತೆಗೆಯುವ ಕೆಲಸಕ್ಕೆ ಸರ್ಕಾರ ಕೊಡುವ ರೇಟು ಅದು, ಗಂಡಾಳಿಗೂ ಹೆಣ್ಣಾಳಿಗೂ ಒಂದೇ. ಎಂಟು ಗಂಟೆಗೆ ಒಂದು ದಿನ ಅಂತ ಹಿಡಿದರೆ ನಿಮ್ಮ ಹೊದಿಕೆಗೆ ಮೂರು ದಿನ ದಾಟುತ್ತೆ. 1,165 ರೂಪಾಯಿ. ಕಣ್ಣು, ಕೈ, ನೆನಪು ಮೂರೂ ಬೇಡುವ ಕೆಲಸಕ್ಕೆ ಮಣ್ಣು ಹೊರುವ ಕೆಲಸಕ್ಕಿಂತ ಕಡಿಮೆ ಕೂಲಿ ಅಂತ ಯಾರೂ ಬಾಯಿಬಿಟ್ಟು ಹೇಳಲಾರರು. ಹಾಗಾದರೆ ಅತ್ತೆಗೆ ಸಿಗೋದೇನು? "ಥ್ಯಾಂಕ್ಯೂ ಸೋ ಮಚ್ ಅತ್ತೆ", ಪಕ್ಕದಲ್ಲಿ ಎರಡು ಹೃದಯ. ಕೆಲವರು ಉಲ್ಲನ್ ದುಡ್ಡು ಫೋನ್‌ಪೇ ಮಾಡ್ತಾರೆ. ಹಾಗೆ ಮಾಡಿದವರು ತಾವು ಭಾರೀ ನ್ಯಾಯಸ್ಥರು ಅಂದ್ಕೊಂಡಿರ್ತಾರೆ, ಅದೇ ನೋಡಿ ಮಜಾ. ಗಾರೆ ಕೆಲಸದವನಿಗೆ ಇಟ್ಟಿಗೆ, ಸಿಮೆಂಟಿನ ದುಡ್ಡು ಎಣಿಸಿಕೊಟ್ಟು "ಸರಿ, ಹೋಗ್ಬಾಪ್ಪ" ಅಂದಹಾಗೆ.

ಇಷ್ಟಕ್ಕೂ ಈ ಮೆಸೇಜು ಕಳಿಸೋರೆಲ್ಲ ಗಂಟೆಗೊಂದು ಬೆಲೆ ಇದೆ ಅಂತ ತಿಳಿಯದ ಮುಗ್ಧರಲ್ಲ. ಶುಕ್ರವಾರ ಸಂಜೆಯೊಳಗೆ ಟೈಮ್‌ಶೀಟ್ ತುಂಬಿಸದಿದ್ದರೆ ಎಚ್‌ಆರ್‌ನಿಂದ ಮೇಲ್ ಬರುವ ಊರಿನವರು. ಕ್ಲೈಂಟ್ ಜೊತೆ ಅರ್ಧ ಗಂಟೆ ಕಾಲ್ ಆದರೆ ಅದು ಬಿಲ್ ಆಗಲೇಬೇಕು. "ಇದೊಂದು ಸಣ್ಣ ಚೇಂಜ್ ಮಾಡ್ಕೊಡಿ" ಅಂತ ಕ್ಲೈಂಟ್ ಅಂದರೆ ಸ್ಕೋಪ್ ಕ್ರೀಪ್ ಅಂತ ಟೀಮಿಗೆ ಟೀಮೇ ಹೌಹಾರುತ್ತೆ. ಅದೇ ಜನ ಮೂರನೇ ವಾರದಲ್ಲಿ ಅತ್ತೆಗೆ ಮೆಸೇಜು ಹಾಕ್ತಾರೆ: "ಅತ್ತೆ, ಎಲೆ ಬದಲು ಆನೆಮರಿ ಬಂದ್ರೆ ಇನ್ನೂ ಕ್ಯೂಟ್ ಆಗಿರುತ್ತೆ ಅಲ್ವಾ?"

ಇದಕ್ಕೆ ಕೊಡುವ ಸಮಜಾಯಿಷಿ ನನಗೆ ಬಾಯಿಪಾಠ. "ಅತ್ತೆ ಮನೇಲೇ ಇರ್ತಾರಲ್ಲ, ಅವರಿಗೂ ಟೈಮ್‌ಪಾಸ್ ಆಗುತ್ತೆ." ಮನೇಲೇ ಇರ್ತಾರೆ, ಸರಿ. ಏನು ಮಾಡ್ತಾ ಇರ್ತಾರೆ? ಕೇಂದ್ರ ಸರ್ಕಾರ 2019ರಲ್ಲಿ ದೇಶದ ತುಂಬ ಸಮಯ ಬಳಕೆಯ ಸಮೀಕ್ಷೆ ಮಾಡಿಸಿತು. ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಸಂಬಳವಿಲ್ಲದ ಆ ಕೆಲಸ ಮಾಡ್ತಾರೆ, ಗಂಡಸರು 97 ನಿಮಿಷ. ಆ ಐದು ಗಂಟೆ ಕಳೆದು, ಊಟ ನಿದ್ದೆ ಕಳೆದು, ಹಾಲಿನವನು, ಗ್ಯಾಸಿನವನು, ಮೊಮ್ಮಕ್ಕಳ ಸ್ಕೂಲ್ ವ್ಯಾನು ಕಳೆದು ಉಳಿದ ಚೂರುಪಾರು ಹೊತ್ತಿನಲ್ಲಿ ನಿಮ್ಮ 37,800 ಕುಣಿಕೆ ಬೀಳಬೇಕು. ಕೊಳ್ಳೇಗಾಲದ ಒಬ್ಬ ಹೆಂಗಸಿಗೆ ದಿನಕ್ಕೆ ಅಂಥದ್ದು ಒಂದು ಗಂಟೆ ಸಿಕ್ಕರೆ ಹೆಚ್ಚು. ಅಂದರೆ ಇಪ್ಪತ್ತೈದು ದಿನ ಆಕೆ ತನ್ನದು ಅಂತ ಇದ್ದ ಒಂದೇ ಒಂದು ಗಂಟೆಯನ್ನ ನಿಮ್ಮ ಆಫೀಸಿನ ಸಂಬಂಧ ಸುಧಾರಿಸೋಕೆ ಬಿಟ್ಟುಕೊಟ್ಟಿದ್ದಾರೆ. ಟೈಮ್‌ಪಾಸ್ ಅಂತೆ!

ಹೆಣಿಗೆಯನ್ನೇ ಇಷ್ಟಪಟ್ಟು ಮಾಡೋರು ಇದ್ದಾರೆ, ಖಂಡಿತ ಇದ್ದಾರೆ. ಹೈಸ್ಕೂಲಿನ ಹೊಲಿಗೆ ಕ್ಲಾಸಲ್ಲಿ ಕಲಿತ ಸೀದಾ-ಉಲ್ಟಾ ಸಾಲನ್ನ ಐವತ್ತು ದಾಟಿದ ಮೇಲೂ ಕೈ ಮರೆತಿರೋದಿಲ್ಲ. ಇಷ್ಟಪಟ್ಟು ಮಾಡ್ತಾರೆ ಅನ್ನೋದು ದುಡ್ಡು ಕೊಡದಿರೋಕೆ ಕಾರಣ ಆದರೆ, ಕೋಡಿಂಗ್ ನನ್ನ ಪ್ಯಾಶನ್ ಅಂತ ಲಿಂಕ್ಡ್‌ಇನ್‌ನಲ್ಲಿ ಬರೆದುಕೊಂಡಿರೋರ ಸಂಬಳ ಈ ತಿಂಗಳಿಂದ ನಿಲ್ಲಿಸಬೇಕಾಗುತ್ತೆ.

ಈ ಮಾತನ್ನ ಕೊಳ್ಳೇಗಾಲದ ಹೆಸರು ಹಿಡಿದು ಹೇಳೋಕೆ ಒಂದು ಕಾರಣ ಇದೆ. ನೂಲಿನ ಬೆಲೆ ಏನು ಅಂತ ಆ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1956ರವರೆಗೂ ಕೊಳ್ಳೇಗಾಲ, ಈಗ ತಾನೇ ಒಂದು ತಾಲ್ಲೂಕಾಗಿರುವ ಹನೂರನ್ನೂ ಸೇರಿಸಿಕೊಂಡು, ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಇಡೀ ಪ್ರಾಂತ್ಯದಲ್ಲಿ ಹಿಪ್ಪುನೇರಳೆ ಅಂದರೆ ಮುಖ್ಯವಾಗಿ ಈ ಸೀಮೆಯೇ. ಈಗಲೂ ಹುಳು ಮೇಯಿಸುವ ಮನೆಗಳಿವೆ, ಗೂಡಿನ ಮಾರುಕಟ್ಟೆ ಇದೆ, ರೇಷ್ಮೆ ನೇಯುವ ಮಗ್ಗಗಳಿವೆ. ಮೊಟ್ಟೆ ಒಡೆದ ಹುಳು ನಾಲ್ಕು ಜ್ವರ ಎದ್ದು ಹಣ್ಣಾಗೋಕೆ ಸುಮಾರು ಇಪ್ಪತ್ತೈದು ದಿನ ಬೇಕು. ನಾಲ್ಕನೇ ಜ್ವರ ಎದ್ದಮೇಲಿನ ಒಂದು ವಾರವಂತೂ ಅದಕ್ಕೆ ಹಗಲು ರಾತ್ರಿ ಇಲ್ಲ. ತನ್ನ ಇಡೀ ಆಯುಷ್ಯದಲ್ಲಿ ತಿನ್ನೋ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಭಾಗಕ್ಕೂ ಹೆಚ್ಚನ್ನ ಆ ವಾರವೇ ತಿನ್ನುತ್ತೆ. ಸೊಪ್ಪು ಹಾಕೋರು, ಹಿಕ್ಕೆ ತೆಗೆಯೋರು, ಹಣ್ಣಾದ ಹುಳುವನ್ನ ಆರಿಸಿ ಚಂದ್ರಿಕೆಗೆ ಬಿಡೋರು ಹೆಚ್ಚಾಗಿ ಹೆಂಗಸರೇ. ಹುಳು ಮನೆ ಇರುವ ಹೆಂಗಸಿಗೆ ಆ ವಾರ ಬಾಣಂತಿಗಿಂತ ಕಡಿಮೆ ನಿದ್ದೆ.

ಅದು ಕಟ್ಟಿದ ಗೂಡು ಮಾತ್ರ ಯಾರ "ಬುಡು"ವಿಗೂ ಹೋಗೋದಿಲ್ಲ. 1959ರ ಕಾಯ್ದೆ ಪ್ರಕಾರ ಗೂಡು ಸರ್ಕಾರಿ ಮಾರುಕಟ್ಟೆಗೆ ಬರಬೇಕು, ತೂಕ ಆಗಬೇಕು, ಹರಾಜು ಆಗಬೇಕು. ಕಿಲೋಗೆ ಇಷ್ಟು ಅಂತ ಎಲ್ಲರ ಎದುರಿಗೆ ಬೋರ್ಡಿನ ಮೇಲೆ ಬರುತ್ತೆ. ಒಂದು ಗೂಡಿನಲ್ಲಿ ತಳಿಯ ಮೇಲೆ ಆರುನೂರರಿಂದ ಸಾವಿರದಿನ್ನೂರು ಮೀಟರ್ ಎಳೆ ಇರುತ್ತೆ, ಹುಳು ನೂತ ಆ ಎಳೆಗೆ ರೇಟು ಇದೆ. ಅದೇ ಮನೆಯ ಹೆಂಗಸು ನಡುಮನೆಯಲ್ಲಿ ಕೂತು ಹೆಣೆದ ಹೊದಿಕೆಗೆ ರೇಟು ಕೇಳಿದರೆ ಸಂಬಂಧ ಹಾಳಾಗುತ್ತಂತೆ.

ಮಗ್ಗದ ಮನೆಗೆ ಹೋದರೂ ಇದೇ ಕಥೆ. ಕೊಳ್ಳೇಗಾಲದ ರೇಷ್ಮೆ ಸೀರೆ, ಪಂಚೆ ಅಂತ ನಾವು ಮದುವೆಗೆ ತರ್ತೀವಲ್ಲ, ಅದರ ಕೂಲಿ ಮಗ್ಗದ ಗುಂಡಿಯಲ್ಲಿ ಕೂತವನ ಲೆಕ್ಕಕ್ಕೆ, ಸೀರೆಗಿಷ್ಟು ಅಂತ ಬರುತ್ತೆ. ಅವನ ಪಕ್ಕ ಕೂತು ಕಂಡಿಕೆ ಸುತ್ತಿದ ಹೆಂಡತಿ, ಹಾಸು ಬಿಡಿಸಿಕೊಟ್ಟ ಮಗಳು ಆ ಕೂಲಿಯೊಳಗೇ ಕರಗಿಹೋಗಿರ್ತಾರೆ. 2019-20ರ ನಾಲ್ಕನೇ ಕೈಮಗ್ಗ ಗಣತಿ ದೇಶದಲ್ಲಿ 35 ಲಕ್ಷ ಚಿಲ್ಲರೆ ಕೈಮಗ್ಗ ಕೆಲಸಗಾರರನ್ನ ಎಣಿಸಿತು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಹೆಂಗಸರು. ನೇಕಾರರ ಮನೆಗಳಲ್ಲಿ ಹೆಚ್ಚೂಕಡಿಮೆ ಮೂರಕ್ಕೆ ಎರಡು ಮನೆಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಸೀರೆಗೆ ಸಿಲ್ಕ್ ಮಾರ್ಕ್ ಇದೆಯಾ ಅಂತ ಚೀಟಿ ತಿರುಗಿಸಿ ನೋಡ್ತೀವಿ. ಆ ಚೀಟಿ ಎಳೆ ಅಸಲಿ ಹೌದೋ ಅಲ್ಲವೋ ಅಂತ ಹೇಳುತ್ತೆ, ಯಾರ ಕೈ ಅಂತ ಹೇಳೋದಿಲ್ಲ. ಅಂದಮೇಲೆ ಹ್ಯಾಂಡ್‌ಮೇಡ್ ಅನ್ನೋ ಪದ ನಮ್ಮಲ್ಲಿ ಹೊಸದಾಗಿ ಯಾವ ಮರ್ಯಾದೆಯನ್ನೂ ತಂದಿಲ್ಲ. ಹಳೇ ಉಚಿತ ದುಡಿಮೆಗೆ ಇಂಗ್ಲಿಷಿನ ಲೇಬಲ್ ಅಂಟಿಸಿದ್ದೇವೆ.

"ಪ್ರೀತಿಗೆ ಬೆಲೆ ಕಟ್ತೀರಾ?" ಇದು ಎಲ್ಲರ ಬತ್ತಳಿಕೆಯ ಕೊನೆಯ ಬಾಣ. ಕಟ್ತೀವಿ ಸ್ವಾಮಿ. ನಮ್ಮ ಹಿರಿಯರು ಕಟ್ಟಿಕೊಂಡೇ ಬಂದರು. ಮದುವೆ ಮನೆಯಲ್ಲಿ, ನಾಮಕರಣದಲ್ಲಿ ಚಪ್ಪರದ ಒಂದು ಮೂಲೆಗೆ ಟೇಬಲ್ ಹಾಕಿಕೊಂಡು ಮುಯ್ಯಿ ಬರೆಯೋ ಮಾವ ಒಬ್ಬರು ಕೂತಿರ್ತಿದ್ದರು, ನೋಡಿದ್ದೀರಾ? ಇಂಥವರು, ಇಂಥ ಊರು, ಇಷ್ಟು. ಆ ಪುಸ್ತಕ ಬೀರುವಿನಲ್ಲಿ ಪಾಣಿ ಪತ್ರದ ಜೊತೆ ಇರುತ್ತೆ. ಅವರ ಮನೆ ಕಾರ್ಯ ಬಂದಾಗ ತೆಗೆದು ನೋಡಿ, ಅವರು ಮುಯ್ಯಿ ಮಾಡಿದ್ದಕ್ಕಿಂತ ಒಂದು ರೂಪಾಯಿಯಾದರೂ ಹೆಚ್ಚಿಗೆ ಹಾಕಿ ತೀರಿಸೋದು. ಪ್ರೀತಿ ಇಲ್ಲದ ಜನ ಮಾಡಿದ ಏರ್ಪಾಟಲ್ಲ ಅದು. ಕೊಟ್ಟಿದ್ದು ಮರೆತುಹೋಗಬಾರದು ಅಂತ ಮಾಡಿದ್ದು.

ದುಡ್ಡಿಗೆ ಮಾತ್ರ ಅಲ್ಲ, ಮೈ ಕೆಲಸಕ್ಕೂ ಮುಯ್ಯಿ ಇತ್ತು. ಮುಯ್ಯಾಳು ಅನ್ನೋ ಪದ ನಿಮ್ಮ ತಾತನಿಗೆ ಗೊತ್ತು, ನಿಮ್ಮ ಅಪ್ಪನಿಗೂ ಗೊತ್ತಿರಬಹುದು. ಈವತ್ತು ನೀನು ನನ್ನ ಗದ್ದೆ ನಾಟಿಗೆ ಬಾ, ನಾಳಿದ್ದು ನಾನು ನಿನ್ನ ಗದ್ದೆಗೆ ಬರ್ತೀನಿ. ಆಳಿಗೆ ಆಳು, ದಿನಕ್ಕೆ ದಿನ. ಅಕ್ಕಪಕ್ಕದ ಹೊಲದವರು, ಒಂದೇ ತಟ್ಟೆಯಲ್ಲಿ ಉಂಡವರು, ಆದರೂ ಎಷ್ಟು ಆಳು ಬಂದಿದ್ದರು, ಎಷ್ಟು ಆಳು ತಿರುಗಿ ಹೋಗಬೇಕು ಅನ್ನೋದು ಇಬ್ಬರಿಗೂ ನೆನಪಿರುತ್ತಿತ್ತು. ಒಂದು ಕಡೆಯವರು ಬರ್ತಾನೇ ಇದ್ದು ಇನ್ನೊಂದು ಕಡೆಯವರು ಹೋಗದೇ ಇದ್ದರೆ ಅದಕ್ಕೆ ಮುಯ್ಯಾಳು ಅಂತ ಹೆಸರಿರಲಿಲ್ಲ. ಬಿಟ್ಟಿ ಅಂತಿದ್ದರು.

ಅಜ್ಜಿ ತನ್ನ ಮೊಮ್ಮಗಳ ಕೂಸಿಗೆ ಹೊದಿಕೆ ಹೆಣೆಯೋದನ್ನ ಇದರ ಜೊತೆ ಸೇರಿಸಬೇಡಿ. ಅಲ್ಲಿ ಕೂಸು ಅವಳದ್ದು, ಕೈ ಅವಳದ್ದು, ಯಾರೂ ಡೆಡ್‌ಲೈನ್ ಕೊಟ್ಟಿಲ್ಲ, ಬಣ್ಣ ಅವಳಿಗೆ ತೋಚಿದ್ದು. ಕಿತ್ತಳೆ ಬಣ್ಣಕ್ಕೆ ಕಡುಹಸಿರು ಅಂಚು ಹಾಕಿದರೂ ಯಾರೂ ತುಟಿ ಪಿಟಕ್ ಅನ್ನೋ ಹಾಗಿಲ್ಲ. ನನ್ನ ಜಗಳ ಅವಳ ಜೊತೆ ಅಲ್ಲ. ಅವಳ ಹೆಸರಲ್ಲಿ ಬೇರೆಯವರ ಅಜ್ಜಿಯಿಂದ ಕೆಲಸ ತೆಗೆಯೋರ ಜೊತೆ.

ಇನ್ನು ಆ ಹೊದಿಕೆಗೆ ಮುಂದೇನಾಗುತ್ತೆ ನೋಡೋಣ. ನಿಮ್ಮ ಫೋಟೊದಲ್ಲಿದ್ದ ಕೆನೆ ಬಣ್ಣ ಬೇಕು ಅಂದಿದ್ದಕ್ಕೆ ಅತ್ತೆ ಅಂಗಡಿಗೆ ಹೋಗಿ ಬೇಬಿ ಉಲ್ಲನ್ ಅಂತ ಕೇಳಿ ಮುನ್ನೂರು ಗ್ರಾಂ ತಂದಿರ್ತಾರೆ. ಉಂಡೆಯ ಮೇಲಿನ ಚೀಟಿ ತಿರುಗಿಸಿ ಓದಿ. ಬಹುಪಾಲು ಸಲ ಅಕ್ರಿಲಿಕ್ ಅಂತಿರುತ್ತೆ, ಉಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಪೆಟ್ರೋಲಿಯಂನಿಂದ ತಯಾರಾದ ಎಳೆ. ಮೃದುವಾಗಿರುತ್ತೆ, ಬಣ್ಣ ಬಿಡೋದಿಲ್ಲ, ಅಗ್ಗ. ಆದರೆ ಬೆವರು ಹೀರೋದಿಲ್ಲ, ಕೆಂಡ ತಾಗಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತೆ. ಕೂಸಿಗೆ ನೀರು ಎರೆದು ಸಾಂಬ್ರಾಣಿ ಹೊಗೆ ಹಾಕೋ ಮನೆಗಳಲ್ಲಿ ಕೆಂಡದ ಪಕ್ಕ ಇಂಥದ್ದು ಇರಬಾರದು. ನಮ್ಮ ಕಡೆ ಬಾಣಂತಿ ಕೋಣೆಯಲ್ಲಿ ಅಜ್ಜಿಯ ಹಳೇ ಹತ್ತಿ ಸೀರೆ ಹರಿದು ಕೂಸಿಗೆ ಸುತ್ತುತ್ತಿದ್ದದ್ದು ಬಡತನಕ್ಕೆ ಮಾತ್ರ ಅಲ್ಲ. ನೂರಾರು ಒಗೆತ ಕಂಡ ಬಟ್ಟೆಯಷ್ಟು ಹಿತ ಯಾವ ಅಂಗಡಿಯಲ್ಲೂ ಸಿಗೋದಿಲ್ಲ, ಕೊಳ್ಳೇಗಾಲದ ಏಪ್ರಿಲ್ ಬಿಸಿಲಿಗಂತೂ ಅದೇ ಸರಿ. ಬಿಳಿಗಿರಿರಂಗನ ಬೆಟ್ಟದ ಮೇಲಿನ ಪೋಡುಗಳಿಗೆ, ಸುಮಾರು ಐದು ಸಾವಿರ ಅಡಿ ಎತ್ತರದ ಜನವರಿ ರಾತ್ರಿಗೆ, ನಿಜವಾದ ಉಣ್ಣೆ ಬೇಕಾಗುತ್ತೆ. ಯಳಂದೂರು ಪೇಟೆಯಿಂದ ಬೆಟ್ಟಕ್ಕೆ ಅರ್ಧ ದಿನದ ದಾರಿಯೂ ಇಲ್ಲ, ಅಷ್ಟರಲ್ಲೇ ಕೂಸಿನ ಹೊದಿಕೆ ಬದಲಾಗುತ್ತೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಕೂಸಿಗೆ ಏನು ಬೇಕು ಅಂತ ಪಿಂಟರೆಸ್ಟಿಗೆ ಹೇಗೆ ಗೊತ್ತಾಗಬೇಕು?

ಅದೂ ಸಾಲದು ಅಂತ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮೊದಲ ಒಂದು ವರ್ಷ ಕೂಸು ಮಲಗುವ ಜಾಗದಲ್ಲಿ ಸಡಿಲ ಹೊದಿಕೆ ಇಡಲೇಬೇಡಿ, ಮುಖದ ಮೇಲೆ ಬಿದ್ದರೆ ಉಸಿರು ಕಟ್ಟಬಹುದು ಅನ್ನುತ್ತೆ. ನಿಮ್ಮ ಮ್ಯಾನೇಜರ್ ಇದನ್ನೆಲ್ಲ ಓದಿರೋ ಪೈಕಿ. ಹೀಗಾಗಿ ಅತ್ತೆಯ ಇಪ್ಪತ್ತೈದು ಗಂಟೆ ಮೂರು ಫೋಟೊಗೆ ಹಾಸಿಗೆಯಾಗಿ, ಇನ್‌ಸ್ಟಾಗ್ರಾಮಿನಲ್ಲಿ ನೂರಿಪ್ಪತ್ತು ಲೈಕು ಗಿಟ್ಟಿಸಿ, ವಾರ್ಡ್‌ರೋಬಿನ ಮೇಲಿನ ಅಟ್ಟ ಸೇರುತ್ತೆ. ಕೂಸಿನ ಜೊಲ್ಲು ಕೂಡ ಅದಕ್ಕೆ ತಾಗೋದಿಲ್ಲ. ಇದನ್ನ ಅತ್ತೆಗೆ ಯಾರೂ ಹೇಳೋದಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಆಕೆ ಕೇಳೇ ಕೇಳ್ತಾರೆ: "ಕೂಸು ಬೆಚ್ಚಗ್ ಮನಗ್ತದಾ ಅದ್ರಲ್ಲಿ?"

ಹನೂರು ಕಡೆ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟಿಯನ್ನರ ವಸತಿ ಇದೆ. ಮಲೆಮಹದೇಶ್ವರ ಬೆಟ್ಟಕ್ಕೆ ಹೋಗೋ ಬೆಂಗಳೂರಿನ ಹುಡುಗರು ಈಗ ಅಲ್ಲಿಗೂ ಹೋಗಿ ಫೋಟೊ ತೆಗೆಸಿಕೊಂಡು ಬರ್ತಾರೆ. ಟಿಬೆಟಿಯನ್ನರ ಸ್ವೆಟರ್ ಅಂದರೆ ಕೈಯಲ್ಲೇ ಹೆಣೆದದ್ದು ಅಂತ ನಮ್ಮವರಿಗೆ ಒಂದು ಗಟ್ಟಿ ನಂಬಿಕೆ. ಚಳಿಗಾಲದಲ್ಲಿ ಊರೂರಿನ ಫುಟ್‌ಪಾತಿನಲ್ಲಿ ಅವರು ಮಾರುವ ಸ್ವೆಟರುಗಳಲ್ಲಿ ಬಹುತೇಕವು ಲೂಧಿಯಾನದ ಕಾರ್ಖಾನೆಗಳಿಂದ ಸಗಟಿನಲ್ಲಿ ತಂದವು. ವ್ಯಾಪಾರ ಅದು, ಅದರಲ್ಲಿ ತಪ್ಪೇನೂ ಇಲ್ಲ. ನನಗೆ ತಮಾಷೆ ಅನಿಸೋದು ಕೊಳ್ಳುವವರು. ಮುಖ ನೋಡಿ ಹ್ಯಾಂಡ್‌ಮೇಡ್ ಅಂತ ತೀರ್ಮಾನ ಮಾಡಿ, ಹ್ಯಾಂಡ್‌ಮೇಡ್ ಅಂತ ತೀರ್ಮಾನ ಮಾಡಿದ ಮೇಲೂ ಆರುನೂರು ಹೇಳಿದ್ದನ್ನ ಮುನ್ನೂರಕ್ಕೆ ಕೇಳ್ತಾರೆ! ಕೈಯಲ್ಲಿ ಮಾಡಿದ್ದು ಅಂತ ನಂಬಿದ್ದಕ್ಕೆ ಇವರು ಕೊಡೋ ಗೌರವ ಅಷ್ಟು.

ಹಾಗಾದರೆ ಕೂಸಿಗೆ ಏನು ಕೊಡೋದು ಅಂತ ಕೇಳಿದರೆ, ನೀವೇ ಹೆಣೆಯಿರಿ. ನಿಜವಾಗಿ ಹೇಳ್ತಿದ್ದೀನಿ. ಒಂದು ಜೊತೆ ಕಡ್ಡಿ, ಹತ್ತಿ ದಾರ, ಯೂಟ್ಯೂಬು ಎಲ್ಲ ಇದೆ. ಗಂಡಸರಿಗೂ ಕೈ ಬೆರಳು ಹತ್ತೇ ಇರೋದು, ಅಡ್ಡಿಯಿಲ್ಲ. ಮೊದಲ ಸಾಲು ಬಿಗಿಯಾಗುತ್ತೆ, ಎರಡನೆಯದು ಸಡಿಲಾಗುತ್ತೆ, 150 ಅಂತ ಏರಿಸಿಕೊಂಡದ್ದು ಇಪ್ಪತ್ತು ಸಾಲು ಆಗೋಷ್ಟರಲ್ಲಿ 143 ಆಗಿರುತ್ತೆ, ಆ ಏಳು ಎಲ್ಲಿ ಹೋದವು ಅಂತ ಆ ಮಲೆ ಮಾದಪ್ಪನಿಗೇ ಗೊತ್ತು. ಕಲಿಯುವವರಿಗೆ ಇಪ್ಪತ್ತೈದು ಗಂಟೆಯ ಕೆಲಸ ಐವತ್ತು ಗಂಟೆ ಹಿಡಿಯುತ್ತೆ. ಹೆಬ್ಬೆರಳು ನೋಯುತ್ತೆ, ಕತ್ತು ಹಿಡಿದುಕೊಳ್ಳುತ್ತೆ. ಬೇಡ ಅನಿಸಿದರೆ ಒಂದು ಕುಲಾವಿ ಹಾಕಿ, ಎರಡು ಸಂಜೆಯ ಕೆಲಸ. ವಕ್ರವಕ್ರವಾಗಿದ್ದರೂ ಕೂಸಿನ ತಲೆಗೆ ಅದೇನು ಗೊತ್ತಾಗೋದಿಲ್ಲ. ಆ ಮ್ಯಾನೇಜರ್‌ಗೋಸ್ಕರ ಅಷ್ಟು ಕಷ್ಟ ಯಾಕೆ ಪಡಬೇಕು ಅಂತ ಆಗ ನಿಮಗೆ ಅನಿಸಬಹುದು. ಅನಿಸಲಿ. ಅತ್ತೆಗೂ ಅದೇ ಅನಿಸೋಕೆ ಹಕ್ಕಿತ್ತು.

ಹೆಣೆಯೋಕೆ ಪುರುಸೊತ್ತಿಲ್ಲ ಅಂದರೆ ಕೂಲಿ ಕೊಡಿ. "ಅಯ್ಯೋ, ದುಡ್ಡು ಅಂದ್ರೆ ಅತ್ತೆ ಬೇಜಾರ್ ಮಾಡ್ಕೋತಾರೆ, ಮುಟ್ಟೋದೇ ಇಲ್ಲ." ಕೊಟ್ಟು ನೋಡಿದ್ದೀರಾ? ಬೇಡ ಅನ್ನೋ ಹಕ್ಕು ಆಕೆಯದ್ದು. ಆಕೆಯ ಪರವಾಗಿ ನೀವೇ ಬೇಡ ಅಂದುಕೊಂಡು ಜೇಬಲ್ಲಿ ಇಟ್ಟುಕೊಳ್ಳೋದು ಎಲ್ಲಿಯ ನ್ಯಾಯ? ನಿಜವಾಗಿಯೂ ಮುಟ್ಟೋದಿಲ್ಲ ಅಂದರೆ ಮುಯ್ಯಾಳಿನ ದಾರಿ ಇದ್ದೇ ಇದೆ. ಮೂರು ದಿನ ಆಕೆಯದ್ದು ತಗೊಂಡಿದ್ದೀರಿ, ಮೂರು ದಿನ ರಜೆ ಹಾಕಿ ಹೋಗಿ. ಮೈಸೂರಿಗೆ ಕರಕೊಂಡು ಹೋಗಿ ಕಣ್ಣು ತೋರಿಸಿ, ಹೊಸ ಕನ್ನಡಕ ಮಾಡಿಸಿಕೊಡಿ, ಹೆಣಿಗೆಯಿಂದ ಮೊದಲು ಸವೆಯೋದು ಅದೇ. ಪೆನ್ಶನ್ ಕಾಗದ ಹಿಡಿದುಕೊಂಡು ತಾಲ್ಲೂಕು ಆಫೀಸಿನ ಸಾಲಲ್ಲಿ ನೀವು ನಿಂತುಕೊಳ್ಳಿ, ಆಕೆಯನ್ನ ಬೆಂಚಿನ ಮೇಲೆ ಕೂರಿಸಿ. ದೀಪಾವಳಿಗೆ ಡ್ರೈಫ್ರೂಟ್ಸ್ ಡಬ್ಬಿ ಕೊಟ್ಟು ಸರಿಹೋಯ್ತು ಅಂದ್ಕೋಬೇಡಿ, ಆ ಡಬ್ಬಿ ನಿಮಗೆ ಆಫೀಸಲ್ಲಿ ಫ್ರೀ ಸಿಕ್ಕಿದ್ದು ಅಂತ ಆಕೆಗೂ ಗೊತ್ತು.

ಕಾರ್ಡಿನ ಮೇಲೆ ಆಕೆಯ ಹೆಸರು ಬರೆಯಿರಿ. ಪೂರ್ತಿ ಹೆಸರು, ಊರು. "ನಮ್ಮ ಆಂಟಿ ಮಾಡಿದ್ದು" ಅಂತ ಅಲ್ಲ. ಆಗ ಮ್ಯಾನೇಜರ್ ಕೇಳಬಹುದು, "ನಮ್ಮ ತಂಗಿಗೂ ಒಂದು ಬೇಕಿತ್ತು, ಅವರ ನಂಬರ್ ಕೊಡ್ತೀರಾ?" ಅಂತ. ನಂಬರ್ ಕೊಡೋ ಮುಂಚೆ ರೇಟು ಹೇಳಿ. ಹೇಳೋಕೆ ಮುಜುಗರ ಆದರೆ, ಇಷ್ಟು ದಿನ ನಿಮ್ಮ ಮುಂದೆ ಅತ್ತೆಗೆ ಆದದ್ದೂ ಅದೇ.

ಯಳಂದೂರಿನಲ್ಲಿ ನಮ್ಮ ದೊಡ್ಡಪ್ಪನ ಮಗಳು ಒಬ್ಬಳಿದ್ದಾಳೆ, ನನಗಿಂತ ಹನ್ನೊಂದು ವರ್ಷ ದೊಡ್ಡವಳು, ಕಡ್ಡಿ ಹಿಡಿದರೆ ಕಣ್ಣು ಮುಚ್ಚಿಕೊಂಡೇ ಹೆಣೆಯುವ ಪೈಕಿ. ಹೋದ ವರ್ಷ ಅವಳು ಫೋನಿನಲ್ಲಿ ಒಂದು ಮೆಸೇಜು ಟೈಪ್ ಮಾಡಿ ಇಟ್ಟುಕೊಂಡಳು. ಯಾರು ಕೇಳಿದರೂ ಅದನ್ನೇ ಕಳಿಸೋದು: "ಅಳತೆ 75–90. ದಾರ ಹತ್ತೀದು, ಬಿಲ್ ಕಳಿಸ್ತೀನಿ, ದುಡ್ಡು ನಿಮ್ಮದು. ಹೆಣಿಗೆ ಕೂಲಿ 1,500, ಅರ್ಧ ಮುಂಗಡ. ಒಂದು ತಿಂಗಳು ಬೇಕು. ಶುರು ಮಾಡಿದ ಮೇಲೆ ಡಿಸೈನ್ ಬದಲಾಯಿಸಲ್ಲ. ಎಲ್ಲಾರೂ ಚೆನ್ನಾಗಿದ್ದೀರಾ?" ಕೊನೆಯ ಸಾಲು ಯಾಕೆ ಅಂದರೆ, ಸಂಬಂಧಿಕರಲ್ವಾ ಅಂದಳು.

ಈವರೆಗೆ ಐದು ಜನ ಕೇಳಿದ್ದಾರೆ. ಇಬ್ಬರು ಅವತ್ತೇ ಮುಂಗಡ ಹಾಕಿದರು. ಒಬ್ಬಳು "ಅಷ್ಟೊಂದಾ ಅಕ್ಕಾ?" ಅಂತ ಕೇಳಿ, ಮಾಲ್‌ನಲ್ಲಿ 1,800 ಕೊಟ್ಟು ಮಿಶಿನ್ನಿನಲ್ಲಿ ಮಾಡಿದ್ದನ್ನ ತಗೊಂಡಳು. ಇನ್ನಿಬ್ಬರ ಮೆಸೇಜಿಗೆ ನೀಲಿ ಟಿಕ್ ಬಿದ್ದು ಎಂಟು ತಿಂಗಳಾಯಿತು. ಆ ಕೂಸುಗಳು ಈಗ ಅಂಬೆಗಾಲು ಇಡ್ತಿರಬೇಕು.